ಗಾಯ ಮಾಯಿದ ಮೇಲೆ

ಸುಟ್ಟ ಗಾಯದ ಕಲೆಗಳನ್ನು ಕುರಿತು ಮಾತನಾಡಲು ವೈದ್ಯರನ್ನು ಕರೆಯುವುದನ್ನು ಬಿಟ್ಟು ನಿವೃತ್ತನಾದ ಕನ್ನಡ ಮೇಷ್ಟರೊಬ್ಬನನ್ನು ಏಕೆ ಕರೆದರೆಂದು ತಮಗೆ ಅನ್ನಿಸಿದರೆ ಅದು ಸಹಜವೇ. ಬದುಕೆಲ್ಲ ತರಗತಿಗಳಲ್ಲಿ ಪದಗಳ ಅರ್ಥವನ್ನು ಹೇಳಿಕೊಂಡು ಬಂದವನು ನಾನು. ಆದರೆ ಒಂದು ಪದದ ಪೂರ್ಣಾರ್ಥವನ್ನು ತಿಳಿಯದೆ ಹೋದುದರಿಂದ ನಮ್ಮ ಮನೆಯಲ್ಲಿ ಒಬ್ಬರು ಪಟ್ಟ ಪಾಡನ್ನೂ, ಅರ್ಧ ಶತಮಾನದ ಬಳಿಕ ಅದನ್ನು ತಿಳಿದುಕೊಂಡುದರಿಂದ ಇನ್ನೊಬ್ಬರಿಗಾದ ಉಪಕಾರವನ್ನೂ ಕಂಡವನಾದ್ದರಿಂದ, ಆ ಎರಡನ್ನೂ ತಮ್ಮ ಮುಂದಿಡುವ ಧೈರ್ಯ ಮಾಡಿದ್ದೇನೆ. ಇಲ್ಲಿ ಹೇಳುವ ವೈದ್ಯಕೀಯ ಸಂಗತಿಗಳು ಬಲ್ಲವರಿಂದ ಕೇಳಿ, ಓದಿ ತಿಳಿದವು.

ಆ ಪದ 'ಮಾಯು'. ಗಾಯ ಮಾಯಿತು ಎನ್ನುತ್ತೇವೆ. ಆ ಧಾತುವಿಗೆ ಮರೆಯಾಗು, ಇಲ್ಲವಾಗು ಎಂಬ ಅರ್ಥವೂ ಹಿಂದಿನಿಂದ ಇದೆ. ತಮಿಳಿನ 'ಮಾಯ್' ಎಂಬುದಕ್ಕೆ ಅಳಿದುಹೋಗು ಎಂದೇ ಅರ್ಥ. ಹೀಗೆ ನಮ್ಮ ಮಾತು ಗಾಯಗೊಂಡವರಿಗೆ ಒಂದು ಭರವಸೆಯನ್ನು ಕೊಡುತ್ತದೆ: ಇದು ಇಲ್ಲವಾಗುತ್ತದೆ ಎಂದು. ಸಂಸ್ಕೃತದ 'ವ್ರಣ'ದ ನಿಲುವು ಬೇರೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಆ ಪದಕ್ಕೆ ನಿರುಕ್ತವನ್ನು ಹೇಳುವಾಗ, ಗಾಯ ಕೂಡಿಕೊಂಡರೂ ಅದರ ಗುರುತು ದೇಹವಿರುವ ತನಕ ಅಳಿಯದೆ ಆವರಿಸಿಕೊಂಡಿರುವುದರಿಂದಲೇ ಅದಕ್ಕೆ ವ್ರಣವೆಂಬ ಹೆಸರಾಯಿತೆಂಬ ವಿವರಣೆ ಬರುತ್ತದೆ. ಒಂದು ಭಾಷೆ ಅಳಿಯುವುದೆನ್ನುತ್ತದೆ, ಇನ್ನೊಂದು ಅಳಿಯದೆನ್ನುತ್ತದೆ. ಸುಟ್ಟ ಗಾಯದ ಮಟ್ಟಿಗೆ ನಿಜವು ಇವೆರಡರ ನಡುವೆ ಇದೆ. ಗಾಯದ ಬಾಯಿ ಮುಚ್ಚಿದ ದಿನ ಕಲೆಯ ಕಥೆ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಒಂದು ವರ್ಷ, ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷ ಆ ಕಲೆ ಜೀವಂತವಾಗಿ ಬದಲಾಗುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಕತ್ತಿ, ಸೂಜಿಗಳಿಲ್ಲದೆ, ಬಟ್ಟೆಯಿಂದ, ಕೈಯಿಂದ, ತಾಳ್ಮೆಯಿಂದ ಮಾಡಬಹುದಾದ ಕೆಲಸ ಬಹಳಷ್ಟಿದೆ. ಇದೇ ಇಂದಿನ ನನ್ನ ಮಾತಿನ ಸಾರ.

೧೯೭೨ರಲ್ಲಿ ನಮ್ಮಕ್ಕನಿಗೆ ಹತ್ತೊಂಬತ್ತು ವರ್ಷ, ನನಗೆ ಹದಿನಾಲ್ಕು. ಮನೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೌ ಇತ್ತು. ಒಂದು ಸಂಜೆ ಅದರ ಉರಿ ಭಗ್ಗನೆ ಮೇಲೆದ್ದು ಆಕೆಯ ಸೆರಗನ್ನು ಹಿಡಿಯಿತು. ಕೊರಳು, ಎದೆಯ ಮೇಲ್ಭಾಗ, ಬಲಗೈ ಸುಟ್ಟವು. ಯಾರೋ ಶಾಯಿಯನ್ನು ಸುರಿದರು, ಯಾರೋ ಬೆಣ್ಣೆಯನ್ನು ಸವರಿದರು. ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಟ್ಟರು. ಅವರ ಋಣ ದೊಡ್ಡದು. ಮನೆಗೆ ಬಂದ ಮೇಲೆ ಆಕೆ ಗಲ್ಲವನ್ನು ಎದೆಗೊತ್ತಿಕೊಂಡು, ಕೈಯನ್ನು ಮಡಿಚಿಕೊಂಡು ಮಲಗುತ್ತಿದ್ದಳು. ಹಾಗೆ ಮಲಗಿದರೆ ಚರ್ಮ ಎಳೆಯುತ್ತಿರಲಿಲ್ಲ, ನೋವು ಕಡಿಮೆ. ಅಮ್ಮ ಮಗಳ ಸುಖಕ್ಕೆಂದು ತಲೆಯ ಕೆಳಗೆ ಎರಡು ದಿಂಬುಗಳನ್ನಿಟ್ಟಳು. ಹತ್ತು ವಾರಗಳಾದ ಮೇಲೆ ಕೊನೆಯ ಹಕ್ಕಳೆಯೂ ಉದುರಿತು. ಗಾಯ ಮಾಯಿತೆಂದು ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಅದಾದ ಮೂರು ತಿಂಗಳೊಳಗೆ ಕೊರಳ ಮೇಲೆ ಕೆಂಪಗೆ, ಹಗ್ಗದಂತೆ ದಪ್ಪನಾದ ಕಲೆ ಎದ್ದು ಗಲ್ಲವನ್ನು ಕೆಳಗೆಳೆಯಿತು. ಮೊಣಕೈ ಪೂರ್ತಿ ಚಾಚದಾಯಿತು. ಆಗಲೇ ಮಾತಾಗಿದ್ದ ಸಂಬಂಧ ಮುರಿದುಬಿತ್ತು. ಅಕ್ಕ ಶಾಲಾ ಉಪಾಧ್ಯಾಯಿನಿಯಾಗಿ ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದಳು, ಆದರೆ ಕೊರಳ ಸುತ್ತ ಸೆರಗನ್ನು ಸುತ್ತಿಕೊಳ್ಳದೆ ಹೊಸ್ತಿಲು ದಾಟಿದ್ದನ್ನು ನಾನು ಕಾಣೆ.

ಏಕೆ ಹೀಗಾಗುತ್ತದೆ? ಚರ್ಮದ ಒಳಪದರದಲ್ಲಿ ಕೊಲ್ಯಾಜನ್ ಎಂಬ ನಾರಿನಂಥ ವಸ್ತುವಿದೆ. ಆರೋಗ್ಯವಾದ ಚರ್ಮದಲ್ಲಿ ಅದು ಬುಟ್ಟಿಯ ಹೆಣಿಗೆಯಂತೆ ಹೆಣೆದುಕೊಂಡಿದ್ದು ಎತ್ತ ಎಳೆದರೂ ಬಳುಕುತ್ತದೆ. ಆಳವಾಗಿ ಸುಟ್ಟಾಗ ದೇಹವು ಅವಸರದಲ್ಲಿ ಆ ಜಾಗವನ್ನು ತುಂಬುತ್ತದೆ. ಹೆಣಿಗೆಗೆ ಬದಲಾಗಿ ನಾರುಗಳನ್ನು ಒತ್ತೊತ್ತಾಗಿ ಪೇರಿಸುತ್ತದೆ, ಗಂಟು ಕಟ್ಟುತ್ತದೆ. ಸ್ನಾಯುವಿನಂತೆ ಸಂಕುಚಿಸುವ ಶಕ್ತಿಯಿರುವ ಕೆಲವು ಜೀವಕೋಶಗಳು ಗಾಯದ ಅಂಚುಗಳನ್ನು ಹತ್ತಿರಕ್ಕೆಳೆಯುತ್ತವೆ. ಗಾಯ ಮುಚ್ಚಿದೊಡನೆ ಈ ಕೆಲಸ ನಿಲ್ಲಬೇಕು. ನಿಲ್ಲದೆ ಮುಂದುವರಿದಾಗ ಕಲೆ ಉಬ್ಬುತ್ತದೆ, ಕೆಂಪಾಗುತ್ತದೆ, ಗಡುಸಾಗುತ್ತದೆ, ತುರಿಸುತ್ತದೆ. ಕೀಲಿನ ಮೇಲಿದ್ದರೆ ಕೀಲನ್ನೇ ಬಾಗಿಸುತ್ತದೆ. ಇದನ್ನು ವೈದ್ಯರು ಹೈಪರ್‌ಟ್ರೋಫಿಕ್ ಕಲೆ ಎನ್ನುತ್ತಾರೆ. ನಾವು ಉಬ್ಬುಗಲೆ ಎನ್ನೋಣ. ಇದು ಮೂಲ ಗಾಯದ ಎಲ್ಲೆಯನ್ನು ದಾಟುವುದಿಲ್ಲ, ಕಾಲಕ್ರಮದಲ್ಲಿ ತಾನೇ ಸ್ವಲ್ಪ ಇಳಿಯುವುದೂ ಉಂಟು. ಎಲ್ಲೆಯನ್ನು ಮೀರಿ ಪಕ್ಕದ ಒಳ್ಳೆಯ ಚರ್ಮದ ಮೇಲೂ ಹಬ್ಬುವ ಕಲೆ ಇನ್ನೊಂದಿದೆ, ಅದು ಕೀಲಾಯ್ಡ್. ಏಡಿಯ ಕೊಂಡಿ ಎಂಬರ್ಥದ ಗ್ರೀಕ್ ಪದದಿಂದ ಆ ಹೆಸರನ್ನು ಕಟ್ಟಿದವನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿದ್ದ ಆಲಿಬೇರ್ ಎಂಬ ಫ್ರೆಂಚ್ ವೈದ್ಯ. ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲವಾದ್ದರಿಂದ ಯಾವುದು ಯಾವುದೆಂದು ಬಲ್ಲವರೇ ಹೇಳಬೇಕು.

ಯಾವ ಗಾಯ ಉಬ್ಬುಗಲೆಯಾಗುತ್ತದೆಂಬುದನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು. ಗಾಯ ಮುಚ್ಚಲು ಹಿಡಿದ ದಿನಗಳೇ ಅದರ ಅಳತೆಗೋಲು. ಎರಡು ವಾರಗಳೊಳಗೆ ಮುಚ್ಚಿದ ಗಾಯ ಉಬ್ಬುವುದು ಅಪರೂಪ. ೧೯೮೩ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ೧೪ರಿಂದ ೨೧ ದಿನಗಳಲ್ಲಿ ಮುಚ್ಚಿದ ಗಾಯಗಳಲ್ಲಿ ಮೂರರಲ್ಲೊಂದು ಪಾಲು, ೨೧ ದಿನಗಳನ್ನು ಮೀರಿದವುಗಳಲ್ಲಿ ಮುಕ್ಕಾಲಿಗೂ ಹೆಚ್ಚು ಉಬ್ಬಿದುದು ಕಂಡುಬಂದಿತು. ಆದ್ದರಿಂದ ಉಬ್ಬುಗಲೆಯ ಮೊದಲ ತಡೆಯೆಂದರೆ ಗಾಯವನ್ನು ಆಳವಾಗಗೊಡದಿರುವುದು, ಬೇಗ ಮುಚ್ಚುವಂತೆ ನೋಡಿಕೊಳ್ಳುವುದು. ತಾನಾಗಿ ಮುಚ್ಚದೆಂದು ತೋರಿದರೆ ಚರ್ಮದ ಕಸಿಗೆ ಹಿಂಜರಿಯದಿರುವುದು.

ಮೊದಲ ಇಪ್ಪತ್ತು ನಿಮಿಷಗಳಿಗೆ ಇಲ್ಲಿ ಎಲ್ಲಿಲ್ಲದ ಬೆಲೆ. ೨೦೨೧ರ ಚಳಿಗಾಲದಲ್ಲಿ ನನ್ನ ಐದು ವರ್ಷದ ಮೊಮ್ಮಗಳು ಸ್ನಾನಕ್ಕೆಂದು ಕಾಯಿಸಿಟ್ಟಿದ್ದ ಬಕೆಟ್ಟನ್ನು ಎಳೆದುಕೊಂಡಳು. ಕೊರಳ ಬಲಪಾರ್ಶ್ವ, ಭುಜ, ತೋಳುಗಳ ಮೇಲೆ ಕುದಿಯುವಂಥ ನೀರು ಬಿದ್ದಿತು. ನಾನು, ಇಷ್ಟು ಓದಿದವನು, ಟೂತ್ ಪೇಸ್ಟಿನ ಕೊಳವೆಯನ್ನು ಹಿಡಿದುಕೊಂಡು ಓಡಿ ಬಂದೆ. "ಬೇಡಿ ಮಾವ, ನೀರು, ಬರೀ ನೀರು" ಎಂದು ಸೊಸೆ ಕೂಗಿ, ಮಗುವಿನ ಅಂಗಿಯನ್ನೂ ಬಳೆಗಳನ್ನೂ ತೆಗೆದು, ಸುಟ್ಟ ಭಾಗವನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಳು. ಉಳಿದ ಮೈಗೆ ಚಳಿಯಾಗದಂತೆ ಟವೆಲ್ ಹೊದಿಸಿದಳು. ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಟ್ಟರೆ ಒಳಗೆ ಸೇರಿದ ಶಾಖ ಇಳಿದು ಗಾಯ ಆಳವಾಗುವುದು ತಪ್ಪುತ್ತದೆ. ಸುಟ್ಟು ಮೂರು ಗಂಟೆಗಳಾಗಿದ್ದರೂ ಇದರಿಂದ ಪ್ರಯೋಜನವುಂಟು. ಮಂಜುಗಡ್ಡೆ ಕೂಡದು, ಅದು ಚರ್ಮಕ್ಕೆ ಇನ್ನೊಂದು ಪೆಟ್ಟು. ಅರಿಶಿನ, ದೋಸೆಹಿಟ್ಟು, ಬೆಣ್ಣೆ, ಶಾಯಿ, ಪೇಸ್ಟು ಇವು ಶಾಖವನ್ನು ಒಳಗೇ ಉಳಿಸುತ್ತವೆ ಇಲ್ಲವೆ ಸೋಂಕಿಗೆ ದಾರಿ ಮಾಡುತ್ತವೆ. ಬಳಿಕ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು, ಅಷ್ಟೆ. ನಮ್ಮ ಮಗುವಿನ ತೋಳು ಎರಡೇ ವಾರಗಳಲ್ಲಿ ಗುರುತಿಲ್ಲದಂತೆ ಮಾಯಿತು. ಕೊರಳು, ಭುಜಗಳು ಮಾತ್ರ ಐದು ವಾರ ಹಿಡಿದವು. ಸ್ವಲ್ಪ ಭಾಗಕ್ಕೆ ಚರ್ಮದ ಕಸಿಯೂ ಆಯಿತು.

ಗಾಯ ಮುಚ್ಚುವ ಮೊದಲೇ ವೈದ್ಯರು ನಮಗೆ ಕೊಟ್ಟ ಆಜ್ಞೆ ವಿಚಿತ್ರವಾಗಿ ತೋರಿತು: ಮಗುವಿಗೆ ದಿಂಬು ಕೊಡಬೇಡಿ. ಕೊರಳು ಹಿಂದಕ್ಕೆ ಚಾಚಿರಬೇಕು, ಕಂಕುಳು ತೆರೆದಿರಬೇಕು, ತೋಳು ಪಕ್ಕಕ್ಕೆ ನೇರವಾಗಿರಬೇಕು. ಅಗತ್ಯವಾದಲ್ಲಿ ಸ್ಪ್ಲಿಂಟ್ ಎಂಬ ಆಸರೆಪಟ್ಟಿಯನ್ನು ಕಟ್ಟಿ ಅಂಗವನ್ನು ಆ ಭಂಗಿಯಲ್ಲಿ ಇಡುತ್ತಾರೆ. ಹಗಲಿನಲ್ಲಿ ವ್ಯಾಯಾಮ ಮಾಡಿಸುತ್ತಾರೆ. ಸುಟ್ಟ ಗಾಯದ ರೋಗಿಗಳನ್ನು ನೋಡಿಕೊಳ್ಳುವವರಲ್ಲಿ ಬಳಕೆಯಲ್ಲಿರುವ ತಿಳಿವಳಿಕೆಯೊಂದಿದೆ: ಯಾವ ಭಂಗಿ ಹಾಯೆನಿಸುವುದೋ ಅದೇ ಅಂಗವನ್ನು ಕೆಡಿಸುವ ಭಂಗಿ. ಮೊಮ್ಮಗಳನ್ನು ನೋಡಲೆಂದು ಬಂದಿದ್ದ ಅಕ್ಕ ಮೊದಲ ರಾತ್ರಿಯೇ, "ಕೂಸಿಗೆ ಒಂದು ದಿಂಬು ಕೊಡಬಾರದೇನೋ? ಎಷ್ಟು ಕಲ್ಲೆದೆಯವರೋ ನೀವು" ಎಂದು ಗದರಿದಳು. ನಾನು ಕಾರಣವನ್ನು ವಿವರಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಸೆರಗನ್ನು ಸರಿಪಡಿಸಿಕೊಂಡು, "ಅಮ್ಮ ಎರಡು ದಿಂಬು ಇಟ್ಟಿದ್ದಳು ಕಣೋ" ಎಂದಳು. ದಿಂಬೊಂದೇ ಕಾರಣವಾಗಿರಲಿಲ್ಲವೆಂದು ನಾನು ಹೇಳಿದೆ; ಅದು ನಿಜವೂ ಹೌದು. ಆದರೂ ಆ ರಾತ್ರಿ ನಮ್ಮಿಬ್ಬರಿಗೂ ನಿದ್ರೆ ಬರಲಿಲ್ಲ. ಪ್ರೀತಿಗೆ ತಿಳಿವಳಿಕೆಯ ಜೊತೆ ಬೇಕೆಂಬುದು ನನಗೆ ಅಂದಿನಷ್ಟು ಸ್ಪಷ್ಟವಾಗಿ ಹಿಂದೆಂದೂ ತೋರಿರಲಿಲ್ಲ.

ಗಾಯ ಮುಚ್ಚಿದ ಕೆಲವು ವಾರಗಳಲ್ಲಿ ಭುಜದ ಕಲೆ ಕೆಂಪೇರಿ ಮೇಲೇಳತೊಡಗಿತು. ಆಗ ಬಂದದ್ದು ಒತ್ತುಡುಪು. ಮೈಯ ಅಳತೆಗೆ ಸರಿಯಾಗಿ ಹೊಲಿದ, ಹಿಗ್ಗುವ ನೂಲಿನ ಬಿಗಿಯಾದ ಉಡುಪು ಇದು. ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ಗ್ಯಾಲ್ವಸ್ಟನ್ ನಗರದಲ್ಲಿ, ಸುಟ್ಟ ಗಾಯದ ಮಕ್ಕಳಿಗೆಂದೇ ಆಗ ಇದ್ದ ಶ್ರೈನರ್ಸ್ ಆಸ್ಪತ್ರೆಯ ಲಾರ್ಸನ್ ಮತ್ತು ಅವರ ಸಂಗಡಿಗರು, ಎಡೆಬಿಡದ ಒತ್ತಡದಿಂದಲೂ ಆಸರೆಪಟ್ಟಿಗಳಿಂದಲೂ ಕಲೆ ತೆಳುವಾಗುವುದನ್ನೂ ಸೆಳೆತ ತಗ್ಗುವುದನ್ನೂ ೧೯೭೧ರಲ್ಲಿ ವರದಿ ಮಾಡಿದರು. ನಮ್ಮಕ್ಕ ಸುಟ್ಟುಕೊಂಡದ್ದು ಅದರ ಮರುವರ್ಷ. ಆ ಸುದ್ದಿ ನಮ್ಮೂರನ್ನು ಮುಟ್ಟುವಷ್ಟರಲ್ಲಿ ಆಕೆಯ ಕಲೆ ಬಿಳಿಚಿ ಗಟ್ಟಿಯಾಗಿತ್ತು. ಈ ಉಡುಪು ಸಾಮಾನ್ಯವಾಗಿ ಪಾದರಸದ ೧೫ರಿಂದ ೨೫ ಮಿಲಿಮೀಟರಿನಷ್ಟು ಒತ್ತಡವನ್ನು ಕೊಡುವಂತಿರಬೇಕು. ಹೆಚ್ಚಾದರೆ ಅಂಗ ಜೋಮು ಹಿಡಿಯುತ್ತದೆ, ಚರ್ಮ ಕೆಡುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಆದ್ದರಿಂದ ಮನೆಯಲ್ಲಿ ಬಟ್ಟೆ ಬಿಗಿದು ಕಟ್ಟುವುದು ಇದಕ್ಕೆ ಬದಲಿಯಲ್ಲ. ದಿನಕ್ಕೆ ೨೩ ಗಂಟೆ ತೊಟ್ಟಿರಬೇಕು. ಸ್ನಾನಕ್ಕೂ ಕಲೆಯನ್ನು ತಿಕ್ಕುವುದಕ್ಕೂ ಮಾತ್ರ ಬಿಡುವು. ಒಂದು ಒಗೆದು ಒಣಗುವಾಗ ತೊಡಲು ಇನ್ನೊಂದು ಬೇಕು. ಎರಡು ಮೂರು ತಿಂಗಳಿಗೆ ಉಡುಪು ಸಡಿಲವಾಗುತ್ತದೆ, ಮಕ್ಕಳಾದರೆ ಬೆಳೆಯುತ್ತಾರೆ. ಹೊಸ ಅಳತೆ ಕೊಡಬೇಕು. ಕಲೆ ಮೆತ್ತಗಾಗಿ ಕೆಂಪು ಇಳಿಯುವವರೆಗೆ, ಅಂದರೆ ಬಹುವೇಳೆ ಒಂದು ವರ್ಷಕ್ಕೆ ಮೇಲ್ಪಟ್ಟು, ಇದು ನಡೆಯಬೇಕು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಐದು ವರ್ಷದ ಮಗು ಅದನ್ನು ಕಿತ್ತೊಗೆದು ಅತ್ತಾಗ, ವೈದ್ಯಶಾಸ್ತ್ರದಲ್ಲಿ ಕಠಿಣವಾದುದು ಶಸ್ತ್ರಕ್ರಿಯೆಯಲ್ಲ, ಈ ದಿನದಿನದ ಹಟವೇ ಎಂದು ನನಗನ್ನಿಸಿತು.

ಇದರ ಫಲವನ್ನು ಉತ್ಪ್ರೇಕ್ಷಿಸಿ ಹೇಳಲಾರೆ. ೨೦೦೯ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶೆಯೊಂದು, ಒತ್ತುಡುಪಿನಿಂದ ಕಲೆಯ ಎತ್ತರ ಸ್ವಲ್ಪ ತಗ್ಗುವುದಾದರೂ ಒಟ್ಟಾರೆ ರೂಪದಲ್ಲಿ ದೊಡ್ಡ ಭೇದ ಕಾಣುವುದಿಲ್ಲವೆಂದು ಹೇಳಿತು. ಮರುವರ್ಷ ಪ್ರಕಟವಾದ, ಹನ್ನೆರಡು ವರ್ಷಗಳ ಕಾಲ ನಡೆದ ಇನ್ನೊಂದು ಅಧ್ಯಯನದಲ್ಲಿ ಒಬ್ಬನದೇ ಗಾಯದ ಒಂದು ಭಾಗಕ್ಕೆ ಸರಿಯಾದ ಒತ್ತಡ, ಇನ್ನೊಂದಕ್ಕೆ ಕಡಿಮೆ ಒತ್ತಡ ಕೊಟ್ಟು ಹೋಲಿಸಿದಾಗ, ಸರಿಯಾಗಿ ಒತ್ತಿದ ಭಾಗ ಹೆಚ್ಚು ಮೆತ್ತಗೂ ತೆಳ್ಳಗೂ ಇತ್ತು. ಆದರೆ ಆ ಭೇದ ಕಣ್ಣಿಗೆ ಕಾಣುತ್ತಿದ್ದುದು ಕಲೆ ಸಾಧಾರಣದಿಂದ ತೀವ್ರ ಮಟ್ಟದ್ದಾಗಿದ್ದಾಗ ಮಾತ್ರ. ಎಂದರೆ, ಬೇಗ ಮಾಯಿದ ಸಣ್ಣ ಗಾಯಕ್ಕೆ ಮಗುವನ್ನು ಹೀಗೆ ಬಿಗಿಯಬೇಕಿಲ್ಲ. ಉಬ್ಬುವ ಲಕ್ಷಣವುಳ್ಳ ಗಾಯಕ್ಕೆ ಬಿಗಿಯದಿರಲೂಬಾರದು.

ಎರಡನೆಯದು ಸಿಲಿಕೋನ್. ಆಸ್ಟ್ರೇಲಿಯದ ಅಡಿಲೇಡ್ ನಗರದ ಮಕ್ಕಳ ಆಸ್ಪತ್ರೆಯವರು ಸಿಲಿಕೋನ್ ಜೆಲ್ಲಿನ ಹಾಳೆಯನ್ನು ಸುಟ್ಟ ಕಲೆಗಳ ಮೇಲೆ ಇಟ್ಟು ಅವು ಮೆತ್ತಗಾದುದನ್ನು ೧೯೮೦ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಒತ್ತಡದಿಂದ ಹೀಗಾಯಿತೆಂದು ಮೊದಲು ಊಹಿಸಿದ್ದುಂಟು. ಒತ್ತಡವಿಲ್ಲದೆಯೂ ಫಲ ಕಂಡಿತು. ಹಾಳೆ ಕಲೆಯ ಮೇಲಿನ ತೇವವನ್ನು ಆರಗೊಡುವುದಿಲ್ಲ. ಮೇಲ್ಪದರ ತೇವವಾಗಿದ್ದಾಗ ಕೆಳಗಿನ ಕೋಶಗಳಿಗೆ ನಾರನ್ನು ಪೇರಿಸಬೇಕೆಂಬ ಪ್ರಚೋದನೆ ತಗ್ಗುತ್ತದೆ ಎಂಬುದು ಈಗಿನ ವಿವರಣೆ. ಗಾಯ ಪೂರ್ತಿಯಾಗಿ ಮುಚ್ಚಿದ ಮೇಲೆಯೇ ಇದನ್ನು ಆರಂಭಿಸಬೇಕು. ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆಯಿಲ್ಲದಂತೆ, ಕೆಲವು ತಿಂಗಳು ಬಳಸಬೇಕು. ಹಾಳೆಯನ್ನೂ ಚರ್ಮವನ್ನೂ ದಿನವೂ ತೊಳೆಯಬೇಕು. ಬೆವರುಸಾಲೆ, ದದ್ದು ಎದ್ದರೆ ಕೆಲವು ದಿನ ಬಿಡಬೇಕು. ಮುಖದಂಥ ಕಡೆ ಹಾಳೆಗೆ ಬದಲು ಸವರುವ ಜೆಲ್ ಉಂಟು. ಇದಕ್ಕೂ ಇರುವ ಪ್ರಮಾಣಗಳು ದುರ್ಬಲವೆಂದು ತಜ್ಞರ ಪರಿಶೀಲನೆಗಳು ಹೇಳಿವೆ. ಆದರೆ ಅಪಾಯ ಕಡಿಮೆಯಿರುವುದರಿಂದ ವೈದ್ಯರು ಇದನ್ನು ಬಿಟ್ಟಿಲ್ಲ.

ಮೂರನೆಯದು ಕೈ. ಗಾಯ ಗಟ್ಟಿಯಾಗಿ ಮುಚ್ಚಿದ ಮೇಲೆ, ಸುವಾಸನೆಯಿಲ್ಲದ ಸಾಧಾರಣ ಲೇಪವನ್ನು ಹಚ್ಚಿ, ಬೆರಳಿನಿಂದ ಒತ್ತಿ ನಿಧಾನವಾಗಿ ವೃತ್ತಾಕಾರವಾಗಿ ತೀಡುವುದು. ದಿನಕ್ಕೆ ಮೂರು ನಾಲ್ಕು ಸಲ. ಸುಟ್ಟ ಚರ್ಮ ತನ್ನ ಎಣ್ಣೆಗ್ರಂಥಿಗಳನ್ನು ಕಳೆದುಕೊಂಡಿರುತ್ತದೆ. ಆದ್ದರಿಂದ ಒಣಗುತ್ತದೆ, ತುರಿಸುತ್ತದೆ. ತುರಿಸಿದರೆ ಎಳೆಯ ಚರ್ಮ ಒಡೆದು ಮತ್ತೆ ಗಾಯ. ತೀಡುವುದರಿಂದ ತುರಿಕೆ ಇಳಿಯುತ್ತದೆ, ಕಲೆ ಮೆತ್ತಗಾಗುತ್ತದೆ. ಇನ್ನೂ ತಡೆಯದಷ್ಟು ತುರಿಕೆಯಿದ್ದರೆ ವೈದ್ಯರು ಔಷಧ ಕೊಡುತ್ತಾರೆ. ವಿಟಮಿನ್ 'ಇ' ಎಣ್ಣೆಯೇ ಬೇಕೆಂದು ಹಲವರು ಹೇಳುವುದುಂಟು; ಅದರಿಂದ ವಿಶೇಷ ಲಾಭ ಸಿದ್ಧವಾಗಿಲ್ಲ, ಕೆಲವರಿಗೆ ಅದು ಅಲರ್ಜಿಯನ್ನು ತರುತ್ತದೆ. ಹೊಸ ಕಲೆಗೆ ಬಿಸಿಲು ತಾಗಿದರೆ ಅದು ಕಪ್ಪಾಗಿ ನಿಲ್ಲುತ್ತದೆ. ಬಟ್ಟೆ ಮರೆಮಾಡಬೇಕು, ಇಲ್ಲವೆ ಬಿಸಿಲು ತಡೆಯುವ ಲೇಪ ಹಚ್ಚಬೇಕು.

ಇದೆಲ್ಲ ಪಾಶ್ಚಾತ್ಯರ ಹೊಸ ಯೋಚನೆಯೆಂದೂ ಭಾವಿಸಬೇಕಿಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದೆ. ಅವುಗಳಲ್ಲಿ ಉಬ್ಬಿದ್ದನ್ನು ಇಳಿಸುವ ಅವಸಾದನ, ಗಡುಸಾದುದನ್ನು ಮೆತ್ತಗೆ ಮಾಡುವ ಮೃದುಕರ್ಮ, ಬಿಳಿಚಿದ ಕಲೆಗೆ ಬಣ್ಣ ತರುವ ಕೃಷ್ಣಕರ್ಮ, ಕಪ್ಪಾದುದನ್ನು ತಿಳಿಯಾಗಿಸುವ ಪಾಂಡುಕರ್ಮ, ಕೂದಲು ಬರಿಸುವ ರೋಮಸಂಜನನಗಳೂ ಸೇರಿವೆ. ಅಲ್ಲಿನ ದ್ರವ್ಯಗಳನ್ನು ಇಂದು ನಾವೇ ಅರೆದು ಹಚ್ಚಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ೧೯೯೦ರಲ್ಲಿ ಕೆನಡದ ವ್ಯಾಂಕೂವರಿನ ಹೆಸರಿನಲ್ಲಿ ಬಂದ ಕಲೆಯ ಮಾನದಂಡವೂ ಬಣ್ಣ, ರಕ್ತಸಂಚಾರದ ಕೆಂಪು, ಮೃದುತ್ವ, ಎತ್ತರ ಎಂಬ ನಾಲ್ಕನ್ನೇ ಅಳೆಯುತ್ತದೆ. ಗಾಯ ಕೂಡಿಕೊಳ್ಳುವುದೇ ಚಿಕಿತ್ಸೆಯ ಕೊನೆಯಲ್ಲ, ಕಲೆಯೂ ವೈದ್ಯನ ಹೊಣೆಯೇ ಎಂಬ ವಿವೇಕ ಎರಡು ಕಡೆಯೂ ಒಂದೇ. ನಡುವೆ ಎಲ್ಲಿಯೋ ನಾವು ಅದನ್ನು ಮರೆತೆವು.

ತೀಡುವ ಕೆಲಸವನ್ನು ನಮ್ಮ ಮನೆಯಲ್ಲಿ ವಹಿಸಿಕೊಂಡವಳು ಅಕ್ಕ. ಎರಡು ದಿನಕ್ಕೆಂದು ಬಂದವಳು ಹದಿನಾಲ್ಕು ತಿಂಗಳು ನಿಂತಳು. ಪೂರ್ತಿ ಚಾಚದ ತನ್ನ ಬಲಗೈಯಿಂದ ದಿನಕ್ಕೆ ನಾಲ್ಕು ಸಲ ಆ ಪುಟ್ಟ ಭುಜವನ್ನು ತೀಡುತ್ತ ಕಥೆ ಹೇಳುತ್ತಿದ್ದಳು. ಒಂದು ದಿನ ಮಗು, "ದೊಡ್ಡಜ್ಜಿ, ನಿನಗೂ ಇದೆಯಲ್ಲ, ನಿನಗ್ಯಾರು ಉಜ್ಜಿದರು?" ಎಂದು ಕೇಳಿತು. "ಯಾರೂ ಇಲ್ಲಮ್ಮ, ಆಗ ಯಾರಿಗೂ ಗೊತ್ತಿರಲಿಲ್ಲ" ಎಂದಳು ಅಕ್ಕ. ಮಗು ಲೇಪದ ಡಬ್ಬಿಯನ್ನು ಎಳೆದುಕೊಂಡು ಆಕೆಯ ಕೊರಳಿಗೆ ಹಚ್ಚತೊಡಗಿತು. ಐವತ್ತು ವರ್ಷದ ಕಲೆ ಅದರಿಂದ ಇಳಿಯಲಿಲ್ಲ. ಬೇರೆಯವರ ಬೆರಳು ತನ್ನ ಕೊರಳನ್ನು ಮುಟ್ಟಗೊಟ್ಟದ್ದು ಮಾತ್ರ ಅದೇ ಮೊದಲೆಂದು ಆಕೆಯೇ ಆಮೇಲೆ ನನಗೆ ಹೇಳಿದಳು.

ಮೊಮ್ಮಗಳ ಕಲೆ ಇಲ್ಲವಾಗಿಲ್ಲ. ಭುಜದ ಮೇಲೆ ಅಂಗೈಯಗಲ ಬಣ್ಣ ಬೇರೆಯಾಗಿದೆ. ಬೆಳಕಿಗೆ ಹಿಡಿದರೆ ಸುಕ್ಕುಗಳು ಕಾಣುತ್ತವೆ. ಮುಂದೆ ಬೆಳೆಯುವಾಗ ಅಲ್ಲಿ ಚರ್ಮ ಎಳೆಯದಂತೆ ವೈದ್ಯರು ವರ್ಷಕ್ಕೊಮ್ಮೆ ನೋಡುತ್ತಾರೆ. ಆದರೆ ಕೊರಳು ನಾಲ್ಕು ದಿಕ್ಕಿಗೂ ತಿರುಗುತ್ತದೆ, ಕೈ ತಲೆಯ ಮೇಲಕ್ಕೆ ಏಳುತ್ತದೆ. ಶಾಲೆಯಲ್ಲಿ ಥ್ರೋಬಾಲ್ ಆಡುತ್ತಾಳೆ. ಕೆಲವು ಮಕ್ಕಳು ನೋಡುತ್ತಾರಂತೆ, "ಬಿಸಿನೀರು ಬಿದ್ದಿತ್ತು" ಎಂದು ಹೇಳಿ ಆಟಕ್ಕೆ ಓಡುತ್ತಾಳಂತೆ. ನೋಡುವವರ ಕಣ್ಣಿಗೆ ಒತ್ತುಡುಪು ಹಾಕಲಾಗದು. ನಮ್ಮ ಕಣ್ಣುಗಳನ್ನು ನಾವೇ ತಿದ್ದಿಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಭಾರತದಲ್ಲಿ ವರ್ಷಕ್ಕೆ ೧೦ ಲಕ್ಷಕ್ಕೂ ಮಿಕ್ಕಿ ಜನ ಸಾಧಾರಣದಿಂದ ತೀವ್ರ ಪ್ರಮಾಣದಲ್ಲಿ ಸುಟ್ಟುಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಜನ ಗಾಯ ಮುಚ್ಚಿದ ದಿನ ಮನೆಗೆ ಬಂದು, ಮುಗಿಯಿತೆಂದು ತಿಳಿದು, ಮತ್ತೆ ಆಸ್ಪತ್ರೆಯ ಕಡೆ ನೋಡುವುದಿಲ್ಲ. ಆದ್ದರಿಂದ ಇದನ್ನು ಕೇಳುತ್ತಿರುವವರಲ್ಲಿ ನನ್ನ ವಿನಂತಿ ಒಂದೇ. ತಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಇಂಥ ಗಾಯವೊಂದು ಮಾಯಿದ ದಿನ, ವೈದ್ಯರೆದುರು ಕುಳಿತು ಮೂರು ಪ್ರಶ್ನೆಗಳನ್ನು ಕೇಳಿರಿ. ಇದು ಮುಚ್ಚಲು ಎಷ್ಟು ದಿನ ಹಿಡಿಯಿತು, ಇದು ಉಬ್ಬುವ ಸಂಭವವುಂಟೆ? ಅಂಗವನ್ನು ಯಾವ ಭಂಗಿಯಲ್ಲಿ ಇಡಬೇಕು, ಯಾವ ವ್ಯಾಯಾಮ ಮಾಡಿಸಬೇಕು? ಒತ್ತುಡುಪೋ ಸಿಲಿಕೋನೋ ಬೇಕೆ, ಎಂದಿನಿಂದ, ಎಷ್ಟು ಕಾಲ? ಈ ಮೂರು ಪ್ರಶ್ನೆಗಳನ್ನು ೧೯೭೨ರಲ್ಲಿ ಕೇಳಲು ನಮಗೆ ತಿಳಿದಿರಲಿಲ್ಲ. ಕೇಳಿದ್ದರೂ ಉತ್ತರ ಸಿಗುತ್ತಿತ್ತೆಂದು ಹೇಳಲಾರೆ. ಇಂದು ಉತ್ತರವಿದೆ. ಕೇಳುವವರು ಬೇಕು.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)